ನರಗುಂದದ ಗಾಡಿ, ಗಜೇಂದ್ರಗಡದ ಹುಡುಗಿ

"ಚಾವಿ ಕೊಡ್ರಿ."

"ಕೊಡೂದಿಲ್ಲ!"

ಕೇಳಿದವನು ನರಗುಂದದ ಉಮರ. ಕೊಡುವುದಿಲ್ಲ ಎಂದವಳು ಗಜೇಂದ್ರಗಡದ ಸಾಬೀರಾ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು. ಆದರೆ ಸುತ್ತ ನಿಂತವರಿಗೆ ಇದು ಏಳು ಜನ್ಮದ ಹಗೆಯೆಂದೇ ಅನ್ನಿಸಿತು.

ಸಾಬೀರಾ ಚಾವಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು. ಬಸ್ ಸ್ಟ್ಯಾಂಡಿನ ಹಿಂದೆ ಸ್ವಂತ ಗ್ಯಾರೇಜ್ ನಡೆಸುವ ಇಪ್ಪತ್ನಾಲ್ಕು ವರ್ಷದ ಹೆಣ್ಣು, ಪೆಪ್ಪರಮೆಂಟು ಬಚ್ಚಿಟ್ಟುಕೊಂಡ ಮಗುವಿನ ಹಾಗೆ ನಿಂತದ್ದು ನಗು ತರಿಸುವಂಥದ್ದೇ. ಆದರೆ ಅವಳ ಕಣ್ಣು ನೋಡಿದವರಿಗೆ ನಗುವ ಧೈರ್ಯ ಬರಲಿಲ್ಲ.

"ನಿಯಮ ನಾ ಮಾಡಿದ್ದಲ್ರೀ..." ಉಮರ ಮೆಲ್ಲಗೆ ಹೇಳಿದ. "ನನ್ನ ಗಾಡಿ ನಿಮಗ ಕೊಡಾಕ ನನಗೂ ಕರುಳ ಚುರ್ ಅಂತೈತಿ."

ಆ ನಿಯಮವನ್ನು ನಿಮಗೂ ಹೇಳಿಬಿಡುತ್ತೇನೆ, ಕೇಳಿ.

ರೋಣ, ನರಗುಂದ, ಗಜೇಂದ್ರಗಡ... ಈ ಮೂರೂರಿನ ಹದಿಹರೆಯದ ಮಕ್ಕಳಿಗಾಗಿ ನಿವೃತ್ತ ಆಟದ ಮಾಸ್ತರರಾದ ರಾಯಣ್ಣನವರು ಮುಶಿಗೇರಿಯ ಹೊರಗೆ, ಜೋಳ ಕೊಯ್ದ ಹೊಲದಲ್ಲಿ ಬೈಕ್ ರೇಸ್ ಶುರು ಮಾಡಿದ್ದರು. ಟಿವಿಯಲ್ಲಿ ಕಾಣುವ ದುಬಾರಿ ಬೈಕು ಇಲ್ಲಿ ಬರುವಂತಿಲ್ಲ. ಹಾಲಿನ ಕ್ಯಾನು, ಗೊಬ್ಬರದ ಚೀಲ ಹೊತ್ತು ಸುಸ್ತಾದ ಹಳೇ ನೂರು ಸಿಸಿ ಗಾಡಿಗಳನ್ನೇ ಊರಿನ ಗ್ಯಾರೇಜಿನವರು ರಿಪೇರಿ ಮಾಡಿ ಮಕ್ಕಳಿಗೆ ಕೊಡಬೇಕು. ಹೆಲ್ಮೆಟ್ಟು, ಮೊಣಕೈ ಮೊಣಕಾಲಿಗೆ ಪ್ಯಾಡು ಇಲ್ಲದವರು ಹೊಲದೊಳಗೆ ಕಾಲಿಡುವಂತಿಲ್ಲ.

ಇನ್ನೊಂದು ನಿಯಮವೇ ವಿಚಿತ್ರ. ಫೈನಲ್ಲಿಗೆ ಬಂದ ಎರಡು ಊರುಗಳ ಗಾಡಿಗಳು ಹಿಂದಿನ ದಿನ ಅದಲು ಬದಲು! ನೀವು ಕಟ್ಟಿದ ಗಾಡಿಯನ್ನು ಎದುರಾಳಿ ಊರಿನ ಮಗು ಓಡಿಸಬೇಕು, ಅವರು ಕಟ್ಟಿದ್ದನ್ನು ನಿಮ್ಮ ಮಗು.

"ಇದ್ದಾವ ರೊಕ್ಕ ಸುರದು ಗೆಲ್ಲಬಾರದು. ತನ್ನ ಗಾಡಿ ತನಗ ಸಿಗೂದಿಲ್ಲ ಅಂತ ಗೊತ್ತಾದ್ರ, ಯಾವನೂ ಹೆಚ್ಚಿಗಿ ಸುರಿಯೂದಿಲ್ಲ," ಎನ್ನುತ್ತಿದ್ದರು ರಾಯಣ್ಣ. ಮಾತು ಖರೆಯೇ. ಆದರೆ ತಿಂಗಳುಗಟ್ಟಲೆ ಕೈ ಕರಿ ಮಾಡಿಕೊಂಡು ಕಟ್ಟಿದವರ ಸಂಕಟ ಅವರಿಗೇನು ಗೊತ್ತು!

"ಆಪಾ, ಕೊಟ್ಟಬಿಡ," ಎಂದು ಪಕ್ಕದಲ್ಲಿದ್ದ ತಂಗಿ ನಾಹೀದ ಸೆರಗೆಳೆದಳು. ನಾಳೆ ಗಜೇಂದ್ರಗಡದ ಪರವಾಗಿ ಓಡಿಸುವವಳು ಅವಳೇ. ಹದಿನಾರು ವರ್ಷ, ಕುಳ್ಳಿ, ಬಾಯಿಗೆ ಬೀಗವಿಲ್ಲದ ಹುಡುಗಿ.

ಸಾಬೀರಾ ಚಾವಿ ಕೊಟ್ಟಳು. ಉಮರನ ಕಡೆಯಿಂದ ಓಡಿಸಲಿದ್ದ ಹುಡುಗ ರಾಜರತ್ನ ಅವಳ ಗಾಡಿಯನ್ನು ತಳ್ಳಿಕೊಂಡು ಹೊರಟಾಗ ಅವಳು ಮುಖ ತಿರುಗಿಸಿಕೊಂಡಳು.

ಇತ್ತ ನಾಹೀದ ನರಗುಂದದ ಗಾಡಿ ಏರಿ ಕೂತಳು. ಕಾಲು ನೆಲಕ್ಕೆ ಎಟುಕಲಿಲ್ಲ! ಬೆರಳ ತುದಿಯಲ್ಲಿ ನಿಂತು ಓಲಾಡಿದಳು.

"ಇಳಿ ತಂಗಿ," ಎಂದ ಉಮರ. ಸೀಟು ಬಿಚ್ಚಿ ಹೊಲದಂಚಿನ ಬೇವಿನ ಮರದ ಕೆಳಗೆ ಕೂತ. ಒಳಗಿನ ಸ್ಪಂಜನ್ನು ಚಾಕುವಿನಿಂದ ಸವರಿ, ಅವಳನ್ನು ಕೂರಿಸಿ ನೋಡಿ, ಮತ್ತೆ ಬಿಚ್ಚಿ, ಮತ್ತೆ ಸವರಿದ. ಬ್ರೇಕಿನ ಪೆಡಲನ್ನೂ ಅವಳ ಸಣ್ಣ ಪಾದಕ್ಕೆ ಹೊಂದುವಂತೆ ಸರಿಸಿದ. ಎದುರಾಳಿ ಊರಿನ ಹುಡುಗಿಗೆ ಯಾರಾದರೂ ಇಷ್ಟು ಮಾಡುತ್ತಾರೆಯೇ?

ನಾಹೀದ ಸುಮ್ಮನೆ ಕೂರುವವಳೇ? ಮನೆಯ ಕಥೆಯನ್ನೆಲ್ಲ ಅವನ ಮುಂದೆ ಬಿಚ್ಚಿಟ್ಟಳು. "ಅಬ್ಬಾ ಭಾಳ ಕಷ್ಟದಿಂದ ಹೂಂ ಅಂದಾನ್ರಿ ಭಾಯಿ. ಒಂದ ಸಲ ಬಿದ್ದೆ ಅಂದ್ರ ರೇಸೂ ಮುಗೀತು, ಆಪಾನ ಗ್ಯಾರೇಜೂ ಮುಗೀತು ಅಂತ ಷರತ್ತ ಹಾಕ್ಯಾನ. ದೊಡ್ಡಪ್ಪ ಆಪಾನ ಲಗ್ನ ಮಾಡಿ ಕಳಿಸಾಕ ಕಾದ ಕುಂತಾನ..."

"ನಾಹೀದ! ಬಾಯಿ ಮುಚ್ಚ!"

ಉಮರ ತಲೆ ಎತ್ತಿ ಸಾಬೀರಾಳನ್ನು ನೋಡಿದ. ಕರುಣೆಯಿಂದಲ್ಲ. ಕರುಣೆಯಾಗಿದ್ದರೆ ಅವಳು ಅಲ್ಲೇ ಜಗಳ ತೆಗೆಯುತ್ತಿದ್ದಳು. "ನಿಮ್ಮ ಗಾಡಿ ಶಬ್ದ ಕೇಳಿದ್ನಿರಿ," ಎಂದ. "ನಮ್ಮ ನರಗುಂದದಾಗ ಹಂಗ ಕಟ್ಟಾವ್ರು ಯಾರೂ ಇಲ್ಲ. ನಾನೂ ಸೈತ."

ಸಾಬೀರಾ ತಂಗಿಯನ್ನು ಬಿಟ್ಟು ಅವನತ್ತ ತಿರುಗಿದಳು. ಹೆಣ್ಣು ಮೆಕ್ಯಾನಿಕ್ಕೆಂದು ನಕ್ಕವರನ್ನು ಕಂಡಿದ್ದಳು, ಬೆನ್ನು ತಟ್ಟಿ ದೊಡ್ಡಸ್ತಿಕೆ ತೋರಿದವರನ್ನೂ ಕಂಡಿದ್ದಳು. ಸರಿಸಮನಾಗಿ ಮಾತಾಡಿದವನನ್ನು ಕಂಡಿರಲಿಲ್ಲ. 'ಇಂವ ಯಾಕ ಹಿಂಗ...' ಎಂದುಕೊಂಡಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ಯೋಚನೆ.

ಮರುದಿನ ಭಾನುವಾರ. ಬೆಳಗಿನ ಪ್ರಾಕ್ಟೀಸು, ಮಧ್ಯಾಹ್ನ ಫೈನಲ್.

ಸಾಬೀರಾ ಬೆಳಗಾಗುತ್ತಲೇ ಬಸ್ಸು ಹಿಡಿದು ಹೊಲಕ್ಕೆ ಬಂದಿದ್ದಳು. ರಾತ್ರಿ ಅವರ ಮನೆಯಂಗಳದಲ್ಲಿದ್ದ ನರಗುಂದದ ಗಾಡಿಯನ್ನು ಹೇರಿಕೊಂಡು ನಾಹೀದ ಹಿಂದಿನಿಂದ ಟೆಂಪೋದಲ್ಲಿ ಬಂದಳು. ಜೊತೆಗೆ... ಅಬ್ಬಾ! ಬರುವುದಿಲ್ಲವೆಂದು ಹಟ ಹಿಡಿದಿದ್ದ ತಂದೆ ಉಸ್ಮಾನಸಾಬ ಬಿಳೀ ಟೋಪಿ ಹಾಕಿಕೊಂಡು ಟೆಂಪೋದಿಂದ ಇಳಿಯುತ್ತಿದ್ದರು. ಅವರ ಬೆನ್ನಿಗೆ ದೊಡ್ಡಪ್ಪ ಮೌಲಾಸಾಬ, ಮುಖ ಗಂಟಿಕ್ಕಿಕೊಂಡು.

ಸಾಬೀರಾಳ ಎದೆ ತುಂಬಿತು. ಹುಟ್ಟಿದಾಗಿನಿಂದ ಎತ್ತಿನ ಬೆನ್ನು ತಟ್ಟಿದ ಮನುಷ್ಯ, ಒಂದು ದಿನವೂ ಬೈಕಿನ ಮೇಲೆ ಕೂತವರಲ್ಲ. ಒಂದು ಕಾಲಕ್ಕೆ ಸುತ್ತಲ ಹಳ್ಳಿಗಳ ಬಂಡಿ ಓಟದಲ್ಲಿ ಅವರ ಜೋಡೆತ್ತಿಗೆ ಸಾಟಿ ಇರಲಿಲ್ಲ. ಅಂಥವರು ಮಗಳ ಬೈಕ್ ರೇಸಿಗೆ ಬಂದಿದ್ದಾರೆ!

ಉಮರ ಎದುರು ಹೋಗಿ, ಎರಡೂ ಕೈ ಚಾಚಿ ಮುಸಾಫಾ ಮಾಡಿದ. ಉಸ್ಮಾನಸಾಬರು ಅವನ ಕೈಗಳನ್ನು ತಮ್ಮ ಅಂಗೈಯೊಳಗೆ ಹಿಡಿದು, "ಯಾವೂರಪ್ಪಾ?" ಎಂದು ಕೇಳಿ ನಕ್ಕರು. ಅಷ್ಟರಲ್ಲಿ ಸೀಟಿ ಕೇಳಿಸಿತು.

ನಾಹೀದ ಬಿಟ್ಟ ಬಾಣದಂತೆ ಹೊರಟಳು. ನೆಟ್ಟನೆ ದಾರಿ... ಮೊದಲ ತಿರುವು... ಗಾಡಿ ವಾಲಿಸಿದಳು...

ಹಿಂದಿನ ಗಾಲಿ ಜರ್ರನೆ ಜಾರಿತು!

"ನಾಹೀದಾ!"

ಸಾಬೀರಾ ಓಡಿದಳು. ಧೂಳು ಇಳಿಯುವಷ್ಟರಲ್ಲಿ ಹುಡುಗಿ ತಾನೇ ಎದ್ದು ಕೂತಿದ್ದಳು. ಪ್ಯಾಡು, ಹೆಲ್ಮೆಟ್ಟು ಕಾಪಾಡಿದ್ದವು. ರೇಸಿಗೆಂದು ಬಂದಿದ್ದ ನರ್ಸಮ್ಮ ಮೈಯೆಲ್ಲ ಮುಟ್ಟಿ ನೋಡಿ, ಕಣ್ಣಿಗೆ ಟಾರ್ಚ್ ಬಿಟ್ಟು, "ಏನೂ ಆಗಿಲ್ಲ, ಮಣಿಕಟ್ಟ ತರಚೈತಿ ಅಷ್ಟ," ಎಂದರು.

ಆದರೆ ಅವರ ಹಿಂದೆ ಮೌಲಾಸಾಬರ ದನಿ ಕೇಳಿಸಿತು. "ನಾ ಮೊದಲ ಬಡಕೊಂಡೆ! ಹೆಣ್ಣಮಕ್ಕಳ ಕೈಯಾಗ ಗಾಡಿ ಕೊಟ್ರ ಹಿಂಗ ಆಗೂದು. ಬಿದ್ದಳಿಲ್ಲೋ? ಇನ್ನ ಮುಗೀತು!"

ಉಸ್ಮಾನಸಾಬರ ಮುಖ ಬಿಳಿಚಿಕೊಂಡಿತ್ತು. "ಹೌದು," ಎಂದರು ಒಣ ದನಿಯಲ್ಲಿ. "ಮುಗೀತು. ನಡೀರಿ ಮನಿಗೆ."

ಮುಗೀತು! ನಾಹೀದಳ ರೇಸು, ತನ್ನ ಗ್ಯಾರೇಜು... ಎಲ್ಲವೂ ಒಂದೇ ಮಾತಿನಲ್ಲಿ! ಸಾಬೀರಾಳ ತಲೆಗೆ ರಕ್ತ ಏರಿತು. ತಂಗಿ ತಾನಾಗಿ ಬೀಳುವವಳಲ್ಲ. ಗಾಡಿ ಯಾರದು? ನಿನ್ನೆ ಸಿಹಿಸಿಹಿಯಾಗಿ ಮಾತಾಡಿ ಬ್ರೇಕಿಗೆ ಕೈ ಹಾಕಿದವನು ಯಾರು?

ಬಿದ್ದ ಗಾಡಿಯ ಪಕ್ಕ ಮಂಡಿಯೂರಿದ್ದ ಉಮರನ ಕಾಲರು ಹಿಡಿದು ಎಬ್ಬಿಸಿದಳು.

"ಏನ ಮಾಡಿದ್ರಿ ಗಾಡಿಗೆ? ಗೆಲ್ಲಾಕ ಸಣ್ಣ ಹುಡುಗೀನ ಬೀಳಿಸಿದ್ರೇನು? ನಾಚಿಕಿ ಆಗೂದಿಲ್ಲ ನಿಮಗ?"

ಉಮರ ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದ. ಒಮ್ಮೆ ಉಸ್ಮಾನಸಾಬರ ಕಡೆ ನೋಡಿದ. ಸಾಬೀರಾ ಅದನ್ನು ಗಮನಿಸಲಿಲ್ಲ. ಸಿಟ್ಟು ಬಂದಾಗ ಯಾರ ಕಣ್ಣು ತಾನೇ ನೆಟ್ಟಗೆ ಕಾಣುತ್ತದೆ!

"ಹೌದ್ರಿ," ಎಂದ ಉಮರ, ಎಲ್ಲರಿಗೂ ಕೇಳುವಂತೆ. "ತಪ್ಪು ನಂದ. ಹಿಂದಿನ ಬ್ರೇಕಿನ ರಾಡ್ ಸಡಲ ಬಿಟ್ಟಿದ್ನಿ. ಹುಡುಗೀದೇನೂ ತಪ್ಪಿಲ್ಲ. ಚಾಚಾ, ನಿಮ್ಮ ಮಗಳು ಬೀಳಲಿಲ್ರಿ, ನಾ ಬೀಳಿಸಿದ್ನಿ."

ಹೊಲವೆಲ್ಲ ಗುಜುಗುಜು. ರಾಯಣ್ಣ ಅವನ ಕೊರಳಿನಿಂದ ಮೆಕ್ಯಾನಿಕ್ಕಿನ ಪಾಸು ತೆಗೆದುಕೊಂಡರು. ಇವತ್ತೆಲ್ಲ ಅವನು ಯಾವ ಗಾಡಿಯನ್ನೂ ಮುಟ್ಟುವಂತಿಲ್ಲ. ಗಜೇಂದ್ರಗಡದವರು ಬಯಸಿದರೆ ತಮ್ಮ ಗಾಡಿಯನ್ನೇ ವಾಪಸು ಪಡೆದು ಓಡಿಸಬಹುದು.

"ನಮ್ಮ ಗಾಡಿ ನಮಗ ಕೊಡ್ರಿ!" ಎಂದಳು ಸಾಬೀರಾ.

"ಮಗಳ ತಪ್ಪಿಲ್ಲ ಅಂದ್ರ..." ಉಸ್ಮಾನಸಾಬ ಗಡ್ಡ ಸವರಿದರು. "ಓಡಸ್ಲಿ."

ನಾಹೀದ ಕುಣಿದಳು. ಸಾಬೀರಾ ಗೆದ್ದಿದ್ದಳು. ಆದರೆ ಬೇಲಿಯಾಚೆ ಒಬ್ಬನೇ ನಡೆದುಹೋಗುತ್ತಿದ್ದ ಉಮರನ ಬೆನ್ನು ನೋಡಿದಾಗ ಯಾಕೋ ಖುಷಿ ಬರಲಿಲ್ಲ.

'ಹೋಗಲಿ! ಮೋಸಗಾರ!' ಎಂದು ಮನಸ್ಸಿಗೆ ಗದರಿದಳು. ಗದರಿದರೂ ಅದು ಕೇಳಬೇಕಲ್ಲ. ಕೊನೆಗೆ, ಅವನ ಮೋಸವನ್ನು ಕಣ್ಣಾರೆ ನೋಡಿಯೇ ತೀರುತ್ತೇನೆಂದು ಸ್ಪ್ಯಾನರ್ ಹಿಡಿದು ನರಗುಂದದ ಗಾಡಿಯ ಮುಂದೆ ಕೂತಳು.

ಬ್ರೇಕಿನ ರಾಡ್ ನೋಡಿದಳು. ಸಡಿಲ ಇರಲಿಲ್ಲ.

ನಟ್ಟು ಬಿಗಿಯಾಗಿತ್ತು, ಪಿನ್ನು ಅದರ ಜಾಗದಲ್ಲೇ ಇತ್ತು. ಡ್ರಮ್ ಬಿಚ್ಚಿದಳು. ಒಳಗೆ ಹೊಸ ಲೈನರ್, ಅಚ್ಚುಕಟ್ಟಾಗಿ ಕೂರಿಸಿದ್ದು. ಬ್ರೇಕು ಒಂದಿಷ್ಟೂ ತಪ್ಪಿಲ್ಲ!

'ಮತ್ತ ಸುಳ್ಳ ಯಾಕ ಹೇಳಿದ? ಮಾಡಿದ ತಪ್ಪು ಮುಚ್ಚಾಕ ಸುಳ್ಳ ಹೇಳೂ ಮಂದಿ ಇರ್ತಾರ. ಮಾಡದ ತಪ್ಪು ಒಪ್ಪಾಕ ಯಾರರ ಸುಳ್ಳ ಹೇಳ್ತಾರೇನು?'

ಗಾಲಿ ತಿರುಗಿಸಲು ಟೈರಿನ ಮೇಲೆ ಕೈಯಿಟ್ಟಳು. ಕೈ ಜಾರಿತು.

ಮೂಗಿಗೆ ಹಿಡಿದಳು. ಕುಸುಬೆ ಎಣ್ಣೆ!

"ಹ್ಯಾಂಗ, ಗಾಲಿ ಮಿಂಚಾಕತ್ತಾವಿಲ್ಲೋ?"

ತಲೆ ಎತ್ತಿದರೆ ಅಬ್ಬಾ. ಕೈಯಲ್ಲಿ ರೊಟ್ಟಿಯ ಡಬ್ಬಿ, ಮುಖದಲ್ಲಿ ಅಪರೂಪದ ಒಂದು ನಾಚಿಕೆಯ ನಗು. "ನಿನಗ ಹೇಳಬಾರದು ಅಂತ ಇದ್ನಿ. ಮುಂಜಾನೆ ನಮಾಜ್ ಮುಗಿಸಿ ಬಂದು ನಾನ ತಿಕ್ಕಿದ್ನಿ. ಓಟಕ್ಕ ಹೊಂಟ ಎತ್ತಿಗೆ ಕೋಡಿಗೆ, ಕಾಲಗೊರಸಿಗೆ ಎಣ್ಣಿ ತಿಕ್ಕಲಾರ್ದ ನಾ ಎಂದೂ ಕಳಿಸಿದಾವಲ್ಲ. ನನ್ನ ಮಗಳ ಗಾಡಿ ಹಂಗ ಒಣಒಣ ಹೋದೀತೇನು?"

ಸಾಬೀರಾಳ ಕೈಯಿಂದ ಸ್ಪ್ಯಾನರ್ ಜಾರಿ ಬಿತ್ತು.

ಈಗ ಎಲ್ಲ ಅರ್ಥವಾಯಿತು. ಅವನು ಬೆರಳು ಉಜ್ಜಿಕೊಂಡದ್ದು... ಎಲ್ಲರ ಮುಂದೆ ತಲೆ ತಗ್ಗಿಸಿದ್ದು... 'ನಿಮ್ಮ ಮಗಳು ಬೀಳಲಿಲ್ರಿ' ಎಂದದ್ದು... ಯಾ ಅಲ್ಲಾ! ಅವನ ಕಾಲರು ಹಿಡಿದೆನಲ್ಲ! ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ?

ಸುಮ್ಮನಿದ್ದುಬಿಡಬಹುದಿತ್ತು. ಅಬ್ಬಾ ಖುಷಿಯಾಗಿದ್ದಾರೆ, ನಾಹೀದ ಓಡಿಸುತ್ತಾಳೆ, ಗ್ಯಾರೇಜ್ ಉಳಿಯುತ್ತದೆ. ಕಳೆದುಕೊಳ್ಳುವವನು ಬೇರೆ ಊರಿನವನೊಬ್ಬ, ಅವನೇ ಒಪ್ಪಿಕೊಂಡಿದ್ದಾನೆ. ಬಾಯಿ ಬಿಟ್ಟರೆ? ಅಬ್ಬಾ ಈ ಗಾಡಿಗಳ ಸಹವಾಸವೇ ಬೇಡವೆಂದು ಮಕ್ಕಳಿಬ್ಬರನ್ನೂ ಎಳೆದುಕೊಂಡು ಹೊರಟರೆ?

ಆದರೆ ಹಾಗೆ ಸುಳ್ಳಿನ ಮೇಲೆ ನಿಂತ ಗ್ಯಾರೇಜಿನಲ್ಲಿ ಅವಳು ನಾಳೆ ಯಾವ ಮುಖದಿಂದ ಕೂರುವುದು? ಸಾಬೀರಾ ಎದ್ದು ನಿಂತಳು.

"ಅಬ್ಬಾ, ಕುಂದ್ರು. ಒಂದ ಮಾತ ಹೇಳ್ಬೇಕು."

ಎಲ್ಲವನ್ನೂ ಹೇಳಿದಳು. ಎತ್ತಿಗೆ ಎಣ್ಣೆ ಚೆಂದ, ರಬ್ಬರಿಗೆ ಎಣ್ಣೆ ಅಪಾಯ. ಬ್ರೇಕು ಸರಿ ಇತ್ತು. ಆ ಹುಡುಗ ಸುಳ್ಳು ಹೇಳಿದ.

ಉಸ್ಮಾನಸಾಬ ತಮ್ಮ ಅಂಗೈ ನೋಡಿಕೊಂಡರು. "ನನ್ನ ಕೂಸನ್ನ ನಾನ ಬೀಳಿಸಿದ್ನೇ..."

ಅಷ್ಟರಲ್ಲಿ ಮೌಲಾಸಾಬ ಬಂದೇಬಿಟ್ಟರು. ಸಂಗತಿ ಕೇಳಿದ್ದೇ ತಡ, "ಆತಲ್ಲ! ನಮ್ಮವರದ ತಪ್ಪು ಅಂದ ಮ್ಯಾಲ ಮರ್ಯಾದಿ ಹೋಗೂದಕಿಂತ ಮೊದಲ ನಡೀರಿ. ಷರತ್ತು ಷರತ್ತು! ಹುಡುಗಿ ಬಿದ್ದಾಳ!" ಎಂದರು.

"ನಾವು ಎಲ್ಲೂ ಹೋಗೂದಿಲ್ಲ, ದೊಡ್ಡಪ್ಪ," ಎಂದಳು ಸಾಬೀರಾ. ದನಿ ಎತ್ತರಿಸಲಿಲ್ಲ. ಆದರೆ ಜಾಗ ಬಿಟ್ಟು ಕದಲಲೂ ಇಲ್ಲ. "ಅಬ್ಬಾ ಬ್ಯಾಡ ಅಂದ್ರ ನಾಹೀದ ಓಡಸೂದಿಲ್ಲ. ಆದ್ರ ಗ್ಯಾರೇಜಿನ ಬಾಗಲಾ ನಾ ಮುಚ್ಚೂದಿಲ್ಲ. ಮಂದೀಗೆ ಖರೇ ಹೇಳದ ಇಲ್ಲಿಂದ ಕಾಲ ಕೀಳೂದಿಲ್ಲ. ಎಷ್ಟರ ಬೈರಿ!"

ಮೌಲಾಸಾಬ ಬಾಯಿ ತೆರೆದರು. ಉಸ್ಮಾನಸಾಬ ಕೈ ಎತ್ತಿ ತಡೆದರು.

"ಅಣ್ಣಾ, ಬಿದ್ದಾಕಿ ಹುಡುಗಿ ಅಲ್ಲ. ಷರತ್ತ ಹಾಕಿದಾವನ ಕೈಯಿಂದ ಷರತ್ತ ಮುರದೈತಿ. ಇನ್ನ ಅದಕ್ಕ ಏನ ಕಿಮ್ಮತ್ತು?"

ಟೋಪಿ ಸರಿಮಾಡಿಕೊಂಡು ನೇರವಾಗಿ ರಾಯಣ್ಣನವರ ಮೈಕಿನ ಹತ್ತಿರ ನಡೆದರು. ಎಂದೂ ಮೈಕು ಹಿಡಿದವರಲ್ಲ. ಅದರೊಳಗೆ ಊದಿ, ಕೆಮ್ಮಿ, "ನಾನು ಗಜೇಂದ್ರಗಡದ ಉಸ್ಮಾನಸಾಬ," ಎಂದರು. "ಗಾಲಿಗೆ ಎಣ್ಣಿ ತಿಕ್ಕಿದಾವ ನಾನು. ಎತ್ತಿನ ಗೊರಸು ಅಂತ ತಿಳದ್ನಿ. ಆ ನರಗುಂದದ ಹುಡುಗಂದು ಏನೂ ತಪ್ಪಿಲ್ಲ. ತಪ್ಪು ಈ ಮುದುಕಂದು. ಹೊಟ್ಟಿಗೆ ಹಾಕ್ಕೋರಿ."

ಯಾರೋ ನಕ್ಕರು. ಆ ನಗೆಯಲ್ಲಿ ಕುಹಕವಿರಲಿಲ್ಲ. ಎತ್ತು ಕಟ್ಟಿ ಗೊತ್ತಿದ್ದ ಮುದುಕರೆಲ್ಲ ಚಪ್ಪಾಳೆ ತಟ್ಟಿದರು. ರಾಯಣ್ಣ ಹಣೆ ಚಚ್ಚಿಕೊಂಡು, "ಪ್ರಾಕ್ಟೀಸಿಗೂ ಗಾಲಿ ತಪಾಸಣಿ ಮಾಡ್ಬೇಕಿತ್ತು, ಅದು ನನ್ನ ತಪ್ಪು," ಎಂದರು.

ಸಾಬೀರಾ ಅಷ್ಟರಲ್ಲಿ ಬೇಲಿ ದಾಟಿ ಓಡಿದ್ದಳು.

ಬೇವಿನ ಮರಕ್ಕೆ ಒರಗಿ ಕೂತಿದ್ದ ಉಮರ ಗಡಬಡಿಸಿ ಎದ್ದ. ಕ್ಷಮೆ ಕೇಳಲು ಬಂದವಳು ಏನು ಮಾಡಿದಳು ಗೊತ್ತೇ? ಬೈದಳು!

"ಯಾರ ಕೇಳಿದ್ರು ನಿಮ್ಮನ್ನ? ನಮ್ಮ ಮನಿ ತಪ್ಪು ನಿಮ್ಮ ತಲಿಮ್ಯಾಲ ಹೊತಗೊಳ್ಳಾಕ ಯಾರು ಹಕ್ಕ ಕೊಟ್ರು?"

"ಮುಂಜಾನೆ ನಿಮ್ಮ ಅಬ್ಬಾರ ಕೂಡ ಮುಸಾಫಾ ಮಾಡಿದಾಗ ಅವರ ಕೈಗೆ ಕುಸುಬಿ ಎಣ್ಣಿ ವಾಸನಿ ಇತ್ತರಿ," ಎಂದ ಉಮರ. "ಆಮ್ಯಾಲ ಗಾಲಿಗೂ ಅದ ವಾಸನಿ. ಅಷ್ಟ ಮಂದಿ ಮುಂದ ಆ ಹಿರೇರ ತಲಿ ತಗ್ಗಿಸಬೇಕೇನು? ನಿಮ್ಮ ಗ್ಯಾರೇಜ್ ಮುಚ್ಚಬೇಕೇನು? ನನಗ ಬ್ಯಾರೆ ಏನೂ ಹೊಳೀಲಿಲ್ಲ."

"ನನಗ ಹೇಳಬೇಕಿತ್ತು!"

"ನೀವು ಕಾಲರ್ ಹಿಡದಿದ್ರಿ..."

ಸಾಬೀರಾಳಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. "ತಪ್ಪಾತು," ಎಂದಳು, ಅವನ ಕಣ್ಣಲ್ಲಿ ಕಣ್ಣಿಟ್ಟು. "ಭಾಳ ದೊಡ್ಡ ತಪ್ಪಾತು. ಆದ್ರ ಕೇಳ್ರಿ, ನನ್ನ ಗ್ಯಾರೇಜ್ ನಾನ ಉಳಿಸ್ಕೋತೀನಿ. ನನಗಾಗಿ ಯಾರೂ ಹಾಳಾಗೂದು ಬ್ಯಾಡ."

ಅವನು ತಲೆಯಾಡಿಸಿದ. "ಹೌದ್ರಿ. ಅದು ಈಗ ತಿಳೀತು."

ರಾಯಣ್ಣ ಉಮರನ ಪಾಸು ವಾಪಸು ಕೊಟ್ಟರು. "ಸಾಬೀರಾ, ಯಾವ ಗಾಡಿ? ನಿಮ್ಮದು ಬೇಕಂದ್ರ ಈಗೂ ತಗೋಬಹುದು," ಎಂದರು.

ಎಲ್ಲರೂ ಅವಳ ಬಾಯಿ ನೋಡಿದರು. ತನ್ನ ಕೈಯಾರೆ ಕಟ್ಟಿದ ಗಾಡಿ ಒಂದು ಕಡೆ. ತಂಗಿಯನ್ನು ನೆಲಕ್ಕೆ ಕೆಡವಿದ ಗಾಡಿ ಇನ್ನೊಂದು ಕಡೆ.

"ನರಗುಂದದ ಗಾಡಿ," ಎಂದಳು ಸಾಬೀರಾ. "ಉಮರ ಅವರು ಕಟ್ಟಿದ್ದು. ನನ್ನ ತಂಗಿ ಅದನ್ನ ಓಡಸ್ತಾಳ."

ಉಮರನ ಮುಖ ಕೆಂಪಾಯಿತು. ಅವಳ ಮುಖವೂ ಕೆಂಪಾಯಿತು ಬಿಡಿ. ಇಬ್ಬರೂ ಸೋಪಿನ ಪುಡಿ ಹಾಕಿ ಟೈರು ತಿಕ್ಕತೊಡಗಿದರು. ಉಸ್ಮಾನಸಾಬ ಕೊಡದಿಂದ ನೀರು ಹೊಯ್ದರು. ಒಂದು ಹನಿ ಜಿಡ್ಡೂ ಉಳಿಯದ ಹಾಗೆ ತಿಕ್ಕಿದ ಮೇಲೆ ರಾಯಣ್ಣ ತಾವೇ ಕೈಯಾಡಿಸಿ ನೋಡಿ ಹೂಂ ಎಂದರು.

ಮಧ್ಯಾಹ್ನದ ಬಿಸಿಲಲ್ಲಿ ಫೈನಲ್ ಶುರುವಾಯಿತು. ಅದೇ ತಿರುವು. ನಾಹೀದ ಗಾಡಿ ವಾಲಿಸಿದಳು... ಗಾಲಿ ನೆಲ ಕಚ್ಚಿ ಹಿಡಿಯಿತು! ಹುಡುಗಿ ತಿರುವು ದಾಟಿ ಹಾರಿಬಿಟ್ಟಳು!

"ಹೊಡೀ ನಾಹೀದಾ! ಬಿಡಬ್ಯಾಡ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವರು ಯಾರು? ಉಸ್ಮಾನಸಾಬ! ಬೆತ್ತ ಬೀಸುತ್ತ, ಎತ್ತು ಹೊಡೆಯುವ ದನಿಯಲ್ಲಿ, "ಹಾಯ್... ಹಾಯ್... ಹಾಯ್!"

ಕೊನೆಯ ಸುತ್ತಿನಲ್ಲಿ ನಾಹೀದಳೂ ರಾಜರತ್ನನೂ ಅಕ್ಕಪಕ್ಕ. ಗೆರೆ ಮೊದಲು ದಾಟಿದ್ದು ರಾಜರತ್ನ, ಒಂದೇ ಒಂದು ಗಾಲಿಯ ಅಂತರದಲ್ಲಿ.

ನಾಹೀದ ಹೆಲ್ಮೆಟ್ಟು ಕಿತ್ತು ಅಕ್ಕನ ಮೇಲೆ ಏರಿಬಂದಳು. "ಆಪಾ! ನಿನ್ನ ಗಾಡೀನ ನನ್ನ ಸೋಲಿಸ್ತಲ್ಲ! ಯಾಕ ಅಷ್ಟ ಚಲೋ ಕಟ್ಟಿದಿ ಅದನ್ನ?"

"ಮುಂದಿನ ವರ್ಷ ಸ್ವಲ್ಪ ಕೆಟ್ಟದಾಗಿ ಕಟ್ಟತೀನಿ, ತಗೋ," ಎಂದು ಸಾಬೀರಾ ಅವಳ ಬೆವೆತ ಹಣೆಗೆ ಮುತ್ತಿಟ್ಟಳು. ಮುಂದಿನ ವರ್ಷ ಎಂಬ ಮಾತಿಗೆ ಅಬ್ಬಾ ಅಡ್ಡ ಮಾತಾಡಲಿಲ್ಲ. ಮೌಲಾಸಾಬ ಮಾತ್ರ ಟೆಂಪೋದಲ್ಲಿ ಮುಖ ಊದಿಸಿಕೊಂಡು ಕೂತಿದ್ದರು. ಕೂತಿರಲಿ.

ಜನ ಕರಗಿದರು. ಗಾಡಿಗಳು ಅವರವರ ಟೆಂಪೋ ಏರಿದವು. ಉಮರ ಹಗ್ಗ ಬಿಗಿಯುತ್ತ ನಿಂತಿದ್ದ. ಬಿಗಿದ ಗಂಟನ್ನೇ ಬಿಚ್ಚಿ ಮತ್ತೆ ಬಿಗಿಯುತ್ತಿದ್ದ. ಹೊರಡಲು ಮನಸ್ಸಿಲ್ಲದವರು ಹಾಗೆಯೇ ಮಾಡುವುದು. ಸಾಬೀರಾ ತಾನೇ ಹತ್ತಿರ ಹೋದಳು.

"ಗಂಟು ಹರೀತೈತಿ, ಬಿಡ್ರಿ."

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, ಹಗ್ಗ ಕೈಬಿಟ್ಟ. "ಸಾಬೀರಾ ಅವರ... ನಿನ್ನೆ ನೀವು ಕೊಡೂದಿಲ್ಲ ಅಂತ ನಿಂತ್ರಲ್ಲ, ಆಗಿಂದ ನನ್ನ ಮನಸ್ಸ ನನ್ನ ಕೈಯಾಗಿಲ್ರಿ. ನೀವು ಹೂಂ ಅಂದ್ರ... ನಮ್ಮ ಅಮ್ಮೀನ ನಿಮ್ಮ ಮನಿಗೆ ಲಗ್ನದ ಪೈಗಾಮ ತರಾಕ ಕಳಿಸ್ಲೇನ್ರಿ?"

"ಬ್ಯಾಡ."

ಉಮರನ ಮುಖ ಬಾಡಿತು. "ಆತ್ರಿ..."

"ಪೂರಾ ಕೇಳ್ರಿ! ಪೈಗಾಮ ನಾವ ತರ್ತೀವಿ. ಬರೂ ಶುಕ್ರವಾರ ಅಬ್ಬಾನ ಕರಕೊಂಡು ನಾನ ನರಗುಂದಕ್ಕ ಬರ್ತೀನಿ. ಹುಡುಗನ್ನ ಕೇಳಾಕ."

ಉಮರ ಕಣ್ಣು ಬಿಟ್ಟುಕೊಂಡು ನಿಂತ. "ಹೆಣ್ಣಿನವರು ಬರೂದೇನ್ರಿ? ಮಂದಿ ಏನಂದಾರು?"

"ಮಂದಿ ಮಾತ ಕೇಳಿದ್ರ ನಾ ಇವತ್ತ ಇಲ್ಲಿ ಇರ್ತಿದ್ನೇನು?" ಅವಳ ಕಣ್ಣು ತುಂಬಿತ್ತು, ಗದ್ದ ಮಾತ್ರ ಎತ್ತಿಯೇ ಇತ್ತು. "ನಿಮ್ಮನ್ನ ಎಲ್ಲಾರ ಮುಂದ ಬೈದೀನಿ. ಎಲ್ಲಾರ ಮುಂದ ಬಂದ ಕೇಳ್ತೀನಿ. ಆದ್ರ ನಾ ಗ್ಯಾರೇಜ್ ಬಿಡೂದಿಲ್ಲ, ಹೇಳಿರ್ತೀನಿ."

"ಬಿಡಾಕ ಯಾರ ಅಂದ್ರು? ಗಜೇಂದ್ರಗಡ, ನರಗುಂದ... ಎರಡೂ ನಡೀಲಿ. ದಿನಾ ಯಾರು ಬಸ್ ಹತ್ತೂದು ಅಂತ ಜಗಳ ಆಡೂಣು."

"ಇನ್ನೊಂದು. ನನ್ನ ಉಳಿಸಾಕ ಇನ್ನೊಮ್ಮೆ ಸುಳ್ಳ ಹೇಳಬಾರದು."

"ಹೇಳೂದಿಲ್ರಿ."

"ರಿ ಬ್ಯಾಡ."

ಉಮರ, ಹೊಸ ಮಾತು ಕಲಿಯುವವನ ಹಾಗೆ, ಮೆಲ್ಲಗೆ ಅಂದ:

"ಹೇಳೂದಿಲ್ಲ... ಸಾಬೀರಾ."

"ಹಂಗಾರ ಒಂದ ಖರೇ ಹೇಳು," ಎಂದಳು ಅವಳು, ಮೊದಲ ಸಲ ಏಕವಚನದಲ್ಲಿ. "ಶುಕ್ರವಾರ ನಾ ಬಂದು ಕೇಳಿದಾಗ ಏನಂತಿ?"

"ನೀ ಕೇಳೂತನಾ ಕಾಯಬೇಕೇನು?" ಎಂದ ಉಮರ. "ಹೂಂ. ಈಗ ಹೂಂ."